ಕೂತವರು ಬಂದವರು

ಆ ಊರಿನಲ್ಲಿ ತನ್ನ ಮನೆಯಲ್ಲಿ ತಾನು ಕೂರುವ ಹಾಗಿರಲಿಲ್ಲ. ಕೂರಬೇಕು ಅನ್ನಿಸಿದರೆ ಬೇರೆಯವರ ಮನೆಗೆ ಹೋಗಬೇಕಿತ್ತು. ಇದನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ಕೇಳಿದರೆ ಊರಿನವರು ನಿಮ್ಮನ್ನು ಮೇಲಿಂದ ಕೆಳಗೆ ನೋಡಿ, "ಬೇರೆ ಊರಿನವರಾ?" ಅನ್ನುತ್ತಿದ್ದರು. ಆಮೇಲೆ ಮಣೆ ಹಾಕಿ ಕೂರಿಸುತ್ತಿದ್ದರು.

ಕಟ್ಟಳೆ ಮೂರೇ ಮಾತಿನದು. ನಿಂತವರು ಮನೆಯವರು. ಕೂತವರು ಬಂದವರು. ಮಲಗಿದವರು ಯಾರೂ ಅಲ್ಲ.

ಮನೆಯವರು ನಿಂತೇ ರುಬ್ಬುತ್ತಿದ್ದರು, ನಿಂತೇ ಉಣ್ಣುತ್ತಿದ್ದರು, ನಿಂತೇ ಜಗಳವಾಡುತ್ತಿದ್ದರು. ರುಬ್ಬುವ ಕಲ್ಲನ್ನು ಸೊಂಟದೆತ್ತರದ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದರು. ಹಾಲು ಕರೆಯುವುದಕ್ಕೆ ಹಸುವನ್ನೇ ದಿಬ್ಬ ಹತ್ತಿಸಿ ತಾವು ಕೆಳಗೆ ನಿಲ್ಲುತ್ತಿದ್ದರು. ಸಂಜೆಯಾದರೆ ಒಂದು ದಿನ ಮೇಲಿನ ಕೇರಿಯವರು ಕೆಳಗಿನ ಕೇರಿಗೆ ಹೋಗಿ ಕೂರುವುದು, ಮರುದಿನ ಕೆಳಗಿನ ಕೇರಿಯವರು ಮೇಲಿನ ಕೇರಿಗೆ ಹೋಗಿ ಕೂರುವುದು. ಒಂದು ಮನೆಗೆ ಒಂದು ಹೊತ್ತಿನಲ್ಲಿ ಒಬ್ಬರೇ. ಇಬ್ಬರು ಕೂತರೆ ಹರಟೆ ಮುಗಿಯುವುದಿಲ್ಲ, ಹರಟೆ ಮುಗಿಯದಿದ್ದರೆ ಏಳುವುದಿಲ್ಲ ಎಂದು ಹಿಂದಿನವರು ಯೋಚನೆ ಮಾಡಿದ್ದರು. ಕೂತವರಿಗೆ ಒಂದು ಚೂರು ಬೆಲ್ಲ, ಒಂದು ಲೋಟ ನೀರು.

"ಬನ್ನಿ, ಕೂತ್ಕೊಳ್ಳಿ."

"ಕೂತೆ."

"ಯಾವಾಗ ಬಂದ್ರಿ?"

"ಈಗ ತಾನೆ."

"ದಾರಿ ದೂರ ಆಯ್ತಾ?"

ಎದುರು ಮನೆಯಿಂದ ಬಂದವರನ್ನೂ ಹೀಗೇ ಕೇಳಬೇಕು. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಜಡೆ ಹಿಡಿದು ಕಿತ್ತಾಡಿದ್ದ ಹೆಂಗಸರು ಕೂಡ, ಒಬ್ಬಳು ಕೂತಳೋ ಇಲ್ಲವೋ, ಇನ್ನೊಬ್ಬಳು ಬಹುವಚನಕ್ಕೆ ಬರಲೇಬೇಕು. ಬಂದವರನ್ನು ಬೈಯುವ ಹಾಗಿಲ್ಲ. ಬಂದವರಿಗೆ ಕೆಲಸ ಹೇಳುವ ಹಾಗಿಲ್ಲ. ಬಂದವರ ಕಿವಿಗೆ ಕೆಟ್ಟ ಸುದ್ದಿ ಹಾಕುವ ಹಾಗಿಲ್ಲ. ಬಂದವರನ್ನು ನೀನು ಅನ್ನುವ ಹಾಗಂತೂ ಇಲ್ಲವೇ ಇಲ್ಲ. ದಣಿವಾರಿದ ಮೇಲೆ ಎದ್ದು ನಿಂತು "ಬರ್ತೀನಿ" ಅಂದರೆ ಅಲ್ಲಿಗೆ ಮುಗಿಯಿತು. ಎದ್ದವನು ಮತ್ತೆ ತನ್ನ ಮನೆಯವನು. ದಾರಿಯಲ್ಲಿ ಯಾರು ಬೇಕಾದರೂ ಹಿಡಿದು ಬೈಯಬಹುದು.

ಕಟ್ಟಳೆ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು. ಕೂತವರೆಲ್ಲ ಏಳುತ್ತಾರೆ ಅಂತ ನಂಬಿಕೊಂಡು ಮಾಡಿದ್ದು, ಅಷ್ಟೇ.

ಕೆಳಗಿನ ಕೇರಿಯ ಒಂದು ಮನೆಯಲ್ಲಿ ಒಬ್ಬ ಮಗಳಿದ್ದಳು. ಒಂಬತ್ತನೇ ವಯಸ್ಸಿನಲ್ಲಿ ನೇರಳೆ ಹಣ್ಣಿಗೆಂದು ಹಿತ್ತಿಲ ಗೋಡೆ ಹತ್ತಿದಳು. ಗೋಡೆಯ ಮೇಲೆ ನಾಲ್ಕು ಹೆಜ್ಜೆ ನಡೆದಿರಬೇಕು, ಕಾಲು ಜಾರಿತು. ಕೆಳಗೆ ಬಟ್ಟೆ ಒಗೆಯುವ ಕಲ್ಲಿತ್ತು. ಅದರ ಅಂಚಿಗೆ ಬೆನ್ನು ಬಡಿಯಿತು. ಬಿದ್ದವಳು ಕೂಗಲಿಲ್ಲ. ಕೈಯಲ್ಲಿದ್ದ ಹಣ್ಣು ಹಾಗೇ ಇತ್ತು, ಅದನ್ನು ಬಾಯಿಗೆ ಹಾಕಿಕೊಂಡು ಏಳಲು ನೋಡಿದಳು. ಕಾಲುಗಳು ಬರಲಿಲ್ಲ.

ವೈದ್ಯರು ಬಂದು ನಿಂಬೆಮುಳ್ಳಿನಿಂದ ಅಂಗಾಲಿಗೆ ಚುಚ್ಚಿ "ಇಲ್ಲಿ?" ಅಂದರು. ಮಗಳು "ಎಲ್ಲಿ?" ಅಂದಳು. ಮೊಣಕಾಲು, ತೊಡೆ, ಸೊಂಟ, ಹೀಗೆ ಚುಚ್ಚುತ್ತಾ ಮೇಲೆ ಬಂದರು. ಹೊಕ್ಕುಳು ದಾಟಿದ ಮೇಲೆ ಅವಳು "ಅಯ್ಯೋ, ಯಾಕ್ರೀ ಚುಚ್ಚುತ್ತೀರಾ" ಅಂದಳು. ವೈದ್ಯರು ಮುಳ್ಳನ್ನು ಎಸೆದು ಕೈ ತೊಳೆದುಕೊಂಡರು. "ಬೆನ್ನಿನ ಒಳಗಿನ ಹುರಿಗೆ ಪೆಟ್ಟು ಬಿದ್ದಿದೆ. ಮೂಳೆ ಕೂಡುತ್ತೆ. ಹುರಿ ಕೂಡಲ್ಲ," ಅಂದರು. ಹೇಳಬೇಕಾದ್ದನ್ನು ಹೇಳಿದರು, ಹೋದರು.

ಮಗಳು ಬಹಳ ತಿಂಗಳು ಮಲಗಿದ್ದಳು. ಮಲಗಿದವರು ಯಾರೂ ಅಲ್ಲವಾದ್ದರಿಂದ ಅಷ್ಟು ದಿನವೂ ಅವಳನ್ನು ಯಾರೂ ಏನೂ ಅನ್ನಲಿಲ್ಲ. ಬೆನ್ನು ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ಅಪ್ಪ ಅವಳನ್ನು ಎತ್ತಿ ನಡುಮನೆಯ ಬೆಂಚಿನ ಮೇಲೆ, ಹಿಂದೆ ಮುಂದೆ ದಿಂಬು ಕೊಟ್ಟು, ಕೂರಿಸಿದ. ಬೀಳಲಿಲ್ಲ. ಮನೆಯವರೆಲ್ಲ ನಕ್ಕರು. ಚಿಕ್ಕ ತಮ್ಮ ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರಿಗೂ ಒಟ್ಟಿಗೇ ಕಟ್ಟಳೆ ನೆನಪಾಯಿತು.

ಊರಿನಲ್ಲಿ ಕಟ್ಟಳೆ ಹೇಳುವುದಕ್ಕೆಂದೇ ಒಬ್ಬ ಹಿರಿಯರಿದ್ದರು. ಅವರೂ ನೋಡಲು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಅವರ ಕಾಲಿನ ನರಗಳು ಬಳ್ಳಿಯ ಹಾಗೆ ಹೆಣೆದುಕೊಂಡು ಉಬ್ಬಿದ್ದವು. ಅಪ್ಪ ಅವರ ಮುಖ ನೋಡಿದ. ಅವರು ಸೂರು ನೋಡಿ, "ಕೂತಿದ್ದಾಳೆ. ಅಂದ ಮೇಲೆ ಕೂತಿದ್ದಾರೆ," ಅಂದರು.

ತಾಯಿ ಒಳಗೆ ಹೋಗಿ ಬೆಲ್ಲ ತಂದಳು, ನೀರು ತಂದಳು. "ಬನ್ನಿ, ಕೂತ್ಕೊಳ್ಳಿ," ಅಂದಳು.

"ನಾನು ಕಣಮ್ಮ," ಅಂದಳು ಮಗಳು.

"ದಾರಿ ದೂರ ಆಯ್ತಾ?"

ಮಗಳಿಗೆ ಇದೊಂದು ಆಟ ಅನ್ನಿಸಿತು. "ತುಂಬಾ ದೂರ. ಇನ್ನೊಂದು ಚೂರು ಬೆಲ್ಲ ಕೊಡು," ಅಂದಳು. ಕೊಟ್ಟರು. ಬಂದವರಿಗೆ ಇಲ್ಲ ಅನ್ನುವ ಹಾಗಿಲ್ಲವಲ್ಲ.

ಮೊದಮೊದಲು ಖುಷಿಯಾಗಿಯೇ ಇತ್ತು. ಬೈಗುಳವಿಲ್ಲ, ಕೆಲಸವಿಲ್ಲ, ಕೇಳಿದಷ್ಟು ಬೆಲ್ಲ. ಒಂದು ದಿನ ತಮ್ಮ ಅವಳ ದಿಂಬು ಎಳೆದ. ಇವಳು ಅವನ ಕೂದಲು ಹಿಡಿದು ಎಳೆದಳು. ಅವನು ಕಿರುಚಿದ. ತಾಯಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಮಗಳು ಬೈಗುಳಕ್ಕೆ ಸಿದ್ಧವಾಗಿ ಕಣ್ಣು ಮುಚ್ಚಿಕೊಂಡಳು. ತಾಯಿ ತಮ್ಮನ ಬೆನ್ನಿಗೆ ಒಂದು ಕೊಟ್ಟು, "ಬಂದವರ ಕೈಗೆ ಸಿಗೋ ಹಾಗೆ ತಲೆ ಯಾಕೋ ಇಟ್ಟೆ?" ಅಂದಳು. ಆಮೇಲೆ ಮಗಳ ಕಡೆ ತಿರುಗಿ, ತಲೆ ತಗ್ಗಿಸಿ, "ನಿಮಗೆ ತೊಂದರೆ ಆಯ್ತು," ಅಂದಳು.

ಮಗಳು ಕಣ್ಣು ಬಿಟ್ಟಳು. ಅವತ್ತು ಅವಳಿಗೆ ಅರ್ಥವಾಯಿತು. ಕಾಲು ಹೋದದ್ದಕ್ಕೆ ಅಷ್ಟು ಅಳದವಳು ಅವತ್ತು ಅತ್ತಳು. ಅತ್ತರೆ ಇನ್ನೊಂದು ಚೂರು ಬೆಲ್ಲ ಬಂತು.

ಅಲ್ಲಿಂದ ಮುಂದೆ ಅವಳಿಗೆ ಬೇಕಾಗಿದ್ದು ಒಂದೇ. ಅಮ್ಮನ ಬಾಯಲ್ಲಿ ಇನ್ನೊಂದು ಸಲ ನೀನು ಅನ್ನಿಸಿಕೊಳ್ಳಬೇಕು. ನಡೆಯಬೇಕು ಅಂತಲೂ ಆಸೆ ಇತ್ತು, ಯಾರಿಗಿರುವುದಿಲ್ಲ. ಆ ಆಸೆ ವರ್ಷ ಕಳೆದ ಹಾಗೆ ಹಳೇ ಸೀರೆಯ ಹಾಗೆ ಮೆತ್ತಗಾಯಿತು. ಇದು ಮೆತ್ತಗಾಗಲಿಲ್ಲ.

ವರ್ಷಗಳು ಹೋದವು. ಹೇಗೆ ಹೋದವು ಅಂದರೆ, ಕೂತೇ ಹೋದವು. ಒಂದು ಮನೆಗೆ ಒಬ್ಬರೇ ಬಂದವರು ಎಂಬ ಕಟ್ಟಳೆ ಇದ್ದುದರಿಂದ ಆ ಮನೆಗೆ ಬೇರೆ ಯಾರೂ ಕೂರಲು ಬರುವ ಹಾಗಿರಲಿಲ್ಲ. ಕೇರಿಯವರು ಬಾಗಿಲಲ್ಲಿ ನಿಂತು ಇಣುಕಿ, "ಇನ್ನೂ ಇದ್ದಾರಾ?" ಎಂದು ಅವಳನ್ನು ಬಿಟ್ಟು ಮಿಕ್ಕವರನ್ನು ಕೇಳುತ್ತಿದ್ದರು. "ಇದ್ದಾರೆ" ಅಂದರೆ, "ಪಾಪ, ಇರಲಿ" ಎಂದು ಹೋಗುತ್ತಿದ್ದರು. ಬಡಗಿ ಅವಳಿಗೊಂದು ಗಾಲಿ ಕುರ್ಚಿ ಮಾಡಿಕೊಟ್ಟ. ಅದರಲ್ಲಿ ಅವಳು ಊರೆಲ್ಲ ಸುತ್ತಿದಳು. ಹೋದಲ್ಲೆಲ್ಲ ಜನ ಬೆಲ್ಲ ಹಿಡಿದುಕೊಂಡು ಓಡಿ ಬಂದರು. ಅವಳ ಹಲ್ಲು ಹಾಳಾದದ್ದು ಹಾಗೆ.

ಕಾಲುಗಳು ಸುಮ್ಮನಿರುತ್ತಿರಲಿಲ್ಲ. ಅವಳ ಮಾತು ಕೇಳದೆ ತಮ್ಮಷ್ಟಕ್ಕೆ ತಾವು ಒಮ್ಮೊಮ್ಮೆ ಜಿಗಿಯುತ್ತಿದ್ದವು, ಬಿಗಿದುಕೊಂಡು ನಡುಗುತ್ತಿದ್ದವು. ಕಾಲು ಜಿಗಿದರೆ ಸಾಕು, ಮನೆಯವರೆಲ್ಲ ಕೈಯಲ್ಲಿದ್ದದ್ದು ಬಿಟ್ಟು ಬರುತ್ತಿದ್ದರು.

"ಹೊರಟ್ರಾ? ಇಷ್ಟು ಬೇಗ?"

"ಇಲ್ಲ," ಅನ್ನುತ್ತಿದ್ದಳು.

"ಇನ್ನೂ ಸ್ವಲ್ಪ ಹೊತ್ತು ಇರಿ."

"ಇರ್ತೀನಿ."

"ಊಟ ಮಾಡಿಕೊಂಡೇ ಹೋಗಿ."

"ಆಗಲಿ."

ನಡುಕ ನಿಂತರೆ ಅವರು ಮತ್ತೆ ತಂತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ದಿನಕ್ಕೆ ಎಷ್ಟು ಸಲ ಅಂತ ಲೆಕ್ಕವಿಲ್ಲ. ತಮ್ಮನ ಮದುವೆಯಾಗಿ ಹೆಂಡತಿ ಬಂದ ಮೇಲೆ ಅವಳೂ ಕಲಿತಳು. ಒಳ್ಳೆಯ ಹುಡುಗಿ, ಒಂದು ಸಲವೂ ಕೇಳದೆ ಬಿಟ್ಟವಳಲ್ಲ.

ಮಲಗಿದಾಗ ಮಾತ್ರ ಬೇರೆ. ಮಲಗಿದವರು ಯಾರೂ ಅಲ್ಲ, ಅಂದ ಮೇಲೆ ಮಲಗಿದವರಿಗೆ ಮರ್ಯಾದೆಯೂ ಇಲ್ಲ. ತಾಯಿ ಬಂದು ಅವಳನ್ನು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸುತ್ತಿದ್ದಳು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ, ಹುಣ್ಣಾದದ್ದು ಮಗಳಿಗೆ ಗೊತ್ತೂ ಆಗುವುದಿಲ್ಲ. ಹಿಮ್ಮಡಿ ನೋಡುತ್ತಿದ್ದಳು, ಸೊಂಟದ ಮೂಳೆ ನೋಡುತ್ತಿದ್ದಳು, ಎಣ್ಣೆ ತಿಕ್ಕುತ್ತಿದ್ದಳು, ಉಚ್ಚೆಗೆ ಹೊತ್ತು ಹೊತ್ತಿಗೆ ಸಣ್ಣ ನಳಿಗೆ ಇಡುತ್ತಿದ್ದಳು, ಜ್ವರ ಬಂದರೆ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಆಗ ಒಂದು ಮಾತೂ ಆಡುತ್ತಿರಲಿಲ್ಲ. ಆಡಿದರೆ ಏನೆಂದು ಕರೆಯುವುದು? ಆದರೆ ಅಮ್ಮನ ಕೈ ಏಕವಚನದಲ್ಲೇ ಇತ್ತು. ಹೊರಳಿಸುವಾಗ ಒರಟಾಗಿ ಹೊರಳಿಸುತ್ತಿದ್ದಳು, ತಲೆ ಬಾಚುವಾಗ ಜಗ್ಗುತ್ತಿದ್ದಳು. ಬಂದವರ ಕೂದಲನ್ನು ಯಾರೂ ಹಾಗೆ ಜಗ್ಗುವುದಿಲ್ಲ. ಮಗಳು ಕಣ್ಣು ಮುಚ್ಚಿಕೊಂಡು ಜಗ್ಗಿಸಿಕೊಳ್ಳುತ್ತಿದ್ದಳು.

ಇನ್ನೊಂದು ಸಂಗತಿ. ಮನೆಯಲ್ಲಿ ಬಂದವರಿದ್ದಾಗ ಮನೆಯ ಹಿರಿಯ ಹೆಂಗಸು ಬೇರೆ ಕಡೆ ಹೋಗಿ ಕೂರಬಾರದು. ಹೀಗಾಗಿ ಕೇರಿಯವರೆಲ್ಲ ಸಂಜೆ ಹೋಗಿ ಕೂತು ಬರುವಾಗ ತಾಯಿ ಒಬ್ಬಳು ಮನೆಯಲ್ಲಿ ನಿಂತಿರುತ್ತಿದ್ದಳು. ಮಗಳು ಬಿದ್ದ ವರ್ಷದಿಂದ ಅವಳು ಎಲ್ಲೂ ಕೂತದ್ದಿಲ್ಲ.

"ನಾನೇನು ಓಡಿ ಹೋಗ್ತೀನಾ? ಹೋಗಿ ಸ್ವಲ್ಪ ಕೂತು ಬಾಮ್ಮ," ಅನ್ನುತ್ತಿದ್ದಳು ಮಗಳು.

"ಚೆನ್ನಾಗಿರುತ್ತೆ. ಬಂದವರನ್ನ ಬಿಟ್ಟು ಹೋಗೋಕಾಗುತ್ತಾ?" ಅನ್ನುತ್ತಿದ್ದಳು ತಾಯಿ, ಗೋಡೆಗೆ ಬೆನ್ನು ಕೊಟ್ಟು.

ಮಗಳು ಸುಮ್ಮನೆ ಬಿಟ್ಟವಳಲ್ಲ. ಬೈಸಿಕೊಳ್ಳುವುದಕ್ಕೆ ಮಾಡದ ಚೇಷ್ಟೆಯಿಲ್ಲ. ಅಡುಗೆಗೆ ಉಪ್ಪಿಲ್ಲ ಎಂದು ತಟ್ಟೆ ತಳ್ಳಿದಳು; ಕ್ಷಮೆ ಕೇಳಿ ಉಪ್ಪು ಬಡಿಸಿದರು. ಅಜ್ಜಿಯ ಕಾಲದ ಪಿಂಗಾಣಿ ಭರಣಿಯನ್ನು ಬೇಕೆಂದೇ ಬೀಳಿಸಿ ಒಡೆದಳು. ಉಪ್ಪಿನಕಾಯಿ ನಡುಮನೆಯೆಲ್ಲ ಹರಿಯಿತು. ತಾಯಿ ಬಂದು ನೋಡಿದಳು. "ಪರವಾಗಿಲ್ಲ ಬಿಡಿ, ಹಳೇದು," ಅಂದಳು. ಹಿತ್ತಿಲಿಗೆ ಹೋಗಿ ಸುಮ್ಮನೆ ನಿಂತಿದ್ದ ಹಸುವನ್ನು ಬಾಯಿಗೆ ಬಂದ ಹಾಗೆ ಬೈದಳು. ಮಗಳು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಅಷ್ಟನ್ನೂ ಕೇಳಿದಳು. ಹಸುವಿನ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು.

ಮೂವತ್ತು ದಾಟಿದ ಮೇಲೆ ಒಂದು ದಿನ ಅವಳು ಕುರ್ಚಿ ತಳ್ಳಿಕೊಂಡು ಹಿರಿಯರ ಮನೆಗೆ ಹೋದಳು.

"ನಿಂತರೆ ಮನೆಯವಳು ತಾನೆ?"

"ತಾವು ನಿಂತರೆ ಮನೆಯವರೇ," ಅಂದರು ಹಿರಿಯರು, ಬೆಲ್ಲ ಕೊಡುತ್ತಾ.

ಅವಳು ಬಡಗಿಗೆ ಹೇಳಿ ಒಂದು ನಿಲುವು ಹಲಗೆ ಮಾಡಿಸಿದಳು. ಅಪ್ಪ ಮತ್ತು ತಮ್ಮ ಅವಳನ್ನು ಎತ್ತಿ ಅದಕ್ಕೆ ಒರಗಿಸಿ, ಕಣಕಾಲು, ಮೊಣಕಾಲು, ಸೊಂಟ, ಎದೆ, ಹೀಗೆ ನಾಲ್ಕು ಕಡೆ ಹಗ್ಗ ಕಟ್ಟಿದರು. ಮಗಳು ನಿಂತಳು. ಎಷ್ಟೋ ವರ್ಷದ ಮೇಲೆ ಅವಳಿಗೆ ಗೋಡೆಯ ಗೂಡಿನ ಮೇಲ್ಭಾಗ ಕಾಣಿಸಿತು. ಅಲ್ಲಿ ಧೂಳಿತ್ತು. ಅಮ್ಮ ಕುಳ್ಳಗಿದ್ದಾಳೆ ಎಂದೂ ಅವತ್ತೇ ಗೊತ್ತಾದದ್ದು.

ತಾಯಿ ಅಡುಗೆಮನೆಯಿಂದ ಬಂದು ನೋಡಿದಳು. ತುಟಿ ಬಿರಿಯಿತು. "ನೀ..." ಅಂದಳು.

ಅಷ್ಟರಲ್ಲಿ ಮಗಳ ಮೈಯ ರಕ್ತವೆಲ್ಲ ಕಾಲಿಗೆ ಇಳಿದು ಕಣ್ಣು ಕತ್ತಲೆಗಟ್ಟಿತು. ಕತ್ತು ವಾಲಿತು. ಹಗ್ಗ ಬಿಗಿಯಾಗಿ ಕಟ್ಟಿದ್ದರಿಂದ ಬೀಳಲಿಲ್ಲ, ಹಾಗೇ ನಿಂತುಕೊಂಡೇ ಪ್ರಜ್ಞೆ ತಪ್ಪಿದಳು. ಈಗ ಇವಳು ಯಾರು ಎಂದು ಯಾರಿಗೂ ತಿಳಿಯದೆ ಹಿರಿಯರನ್ನು ಕರೆಸಿದರು. ಅವರು ಸುತ್ತ ಒಂದು ಸುತ್ತು ಬಂದು, "ಪ್ರಜ್ಞೆ ತಪ್ಪಿದವರು ಮಲಗಿದವರ ಸಮ. ಮಲಗಿದವರು ಯಾರೂ ಅಲ್ಲ. ಇಲ್ಲಿ ನಿಂತಿರೋದು ಹಗ್ಗ," ಅಂದರು.

ಹಾಗಾಗಿ ಅವತ್ತಿನಿಂದ ಹಗ್ಗ ಮನೆಯದಾಯಿತು. ಊಟಕ್ಕೆ ಅದಕ್ಕೂ ಒಂದು ಎಲೆ ಹಾಕಿದರು. ಅಪ್ಪ ಅದಕ್ಕೆ, "ಬಾವಿಗೆ ಹೋಗಿ ನೀರು ತಗೊಂಡು ಬಾ," ಅಂದ. ಅದು ಹೋಗಲಿಲ್ಲ. ಸೋಮಾರಿ ಎಂದು ಬೈಸಿಕೊಂಡಿತು. ಬೆಂಚಿನ ಮೇಲೆ ಎಚ್ಚರವಾಗಿ ಕೂತಿದ್ದ ಮಗಳು ಇದನ್ನೆಲ್ಲ ನೋಡಿದಳು.

ಹಗ್ಗ ಉಜ್ಜಿದ ಕಡೆ ಮೊಣಕಾಲಿನಲ್ಲಿ ಹುಣ್ಣಾಯಿತು. ನೋವಾಗದ ಹುಣ್ಣು, ವಾಸಿಯಾಗುವುದಕ್ಕೆ ಇಡೀ ಮಳೆಗಾಲ ಬೇಕಾಯಿತು. ತಾಯಿ ಆ ಹಗ್ಗವನ್ನು ಒಲೆಗೆ ಹಾಕಿದಳು. ಮನೆಯವರೊಬ್ಬರು ಸುಟ್ಟುಹೋದ ಹಾಗಾಯಿತು ಎಂದು ಹಿರಿಯರು ಮೂರು ದಿನ ಸೂತಕ ಹೇಳಿದರು. ಎಲ್ಲರೂ ಆಚರಿಸಿದರು, ಬಂದವರೊಬ್ಬರನ್ನು ಬಿಟ್ಟು.

ಅಪ್ಪ ಸತ್ತದ್ದು ಅದಾದ ಕೆಲವು ವರ್ಷಕ್ಕೆ. ಹಿಂದಿನ ಕೋಣೆಯಲ್ಲಿ ಹೆಂಗಸರು ಅಳುವುದು ಕೇಳಿಸಿತು. ಹಿತ್ತಿಲಿನಿಂದ ನಾಲ್ಕು ಜನ ಹೆಗಲು ಕೊಟ್ಟು ಹೋದದ್ದು ಕಿಟಕಿಯಲ್ಲಿ ಕಾಣಿಸಿತು. ತಮ್ಮನ ಹೆಂಡತಿ ಮುಖ ತೊಳೆದುಕೊಂಡು ಬಂದು ಮಗಳ ಕೈಗೆ ಎರಡು ಚೂರು ಬೆಲ್ಲ ಕೊಟ್ಟಳು.

"ಅಪ್ಪ ಎಲ್ಲಿ?"

"ಪಕ್ಕದ ಮನೆಗೆ ಕೂರೋಕೆ ಹೋಗಿದ್ದಾರೆ."

ಮಗಳು ಜೋರಾಗಿ ಅತ್ತಳು. "ದಾರಿಯ ಆಯಾಸ ಇರಬೇಕು," ಎಂದು ತಮ್ಮ ನೀರು ತಂದುಕೊಟ್ಟ. ಕಟ್ಟಳೆ ಮೀರುವ ಧೈರ್ಯ ಅವನಿಗಿರಲಿಲ್ಲ, ಪಾಪ, ಬೇರೆ ಎಲ್ಲ ಒಳ್ಳೆಯವನೇ. ಅವತ್ತಿನಿಂದ ಮಗಳು ದಿನಾ ಸಂಜೆ "ಅಪ್ಪ ಬಂದ್ರಾ?" ಎಂದು ಕೇಳುತ್ತಿದ್ದಳು. "ಇನ್ನೂ ಕೂತಿದ್ದಾರೆ," ಅನ್ನುತ್ತಿದ್ದರು. ವರ್ಷಗಟ್ಟಲೆ ಕೇಳಿದಳು, ವರ್ಷಗಟ್ಟಲೆ ಅದನ್ನೇ ಅಂದರು. ಕೇಳುವಾಗ ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ಅಷ್ಟಾದರೂ ಅವರಿಗೆ ಶಿಕ್ಷೆ ಇರಲಿ ಅಂತ.

ಮಗಳ ತಲೆ ನೆರೆಯಿತು. ಇಷ್ಟು ವರ್ಷ ಮೈಯನ್ನು ಎತ್ತಿ ಇಳಿಸಿ, ಕುರ್ಚಿ ತಳ್ಳಿ ಭುಜದ ಕೀಲುಗಳು ಸವೆದವು. ಒಂದು ಕಾಲಕ್ಕೆ ಕಾಲಿನ ಕೆಲಸವನ್ನೂ ತಾವೇ ಹೊತ್ತಿದ್ದ ತೋಳುಗಳು ಈಗ ಬಾಚಣಿಗೆ ಎತ್ತುವುದಕ್ಕೂ ನೋಯುತ್ತಿದ್ದವು. ತಾಯಿ ಅವಳಿಗಿಂತ ಹೆಚ್ಚು ಸವೆದಿದ್ದಳು. ಸಾಯಂಕಾಲದ ಹೊತ್ತಿಗೆ ಪಾದಗಳು ಊದಿಕೊಳ್ಳುತ್ತಿದ್ದವು. ಒಂದು ಕೈಯಲ್ಲಿ ಕೋಲು, ಒಂದು ಕೈ ಗೋಡೆಗೆ. ನಡುಮನೆಯ ಗೋಡೆಯಲ್ಲಿ ಅವಳು ಒರಗುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಒಬ್ಬ ಹೆಂಗಸಿನ ಆಕಾರಕ್ಕೆ ಬಂದಿತ್ತು. ಆದರೂ ಹೊರಳಿಸುವುದನ್ನು ಬಿಡಲಿಲ್ಲ. ಸೊಸೆ ಅರ್ಧ ಭಾರ ಎತ್ತುತ್ತಿದ್ದಳು, ಅರ್ಧ ತಾಯಿ.

"ಇಲ್ಲೇ ಕೂತ್ಕೊಮ್ಮ," ಅಂದಳು ಒಂದು ದಿನ ಮಗಳು, ಬೆಂಚಿನ ಪಕ್ಕ ತಟ್ಟಿ. "ನೋಡೋಕಾಗಲ್ಲ ನನಗೆ."

"ಮನೆಯವರೇ ಕೂತರೆ ಮನೆ ನೋಡೋರು ಯಾರು?" ಅಂದಳು ತಾಯಿ.

ಒಂದು ಬೆಳಿಗ್ಗೆ ವೈದ್ಯರು ಬಂದರು, ಹಳೆಯ ವೈದ್ಯರ ಮಗ. ತಾಯಿಯ ನಾಡಿ ನೋಡಿದರು, ಎದೆಗೆ ಕಿವಿ ಕೊಟ್ಟರು, ತಮ್ಮನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ತಮ್ಮ ಒಳಗೆ ಬಂದಾಗ ಮಗಳ ಮುಖ ನೋಡಲಿಲ್ಲ. ಅವನ ಹೆಂಡತಿ ನಗುನಗುತ್ತಾ ಬಂದು ಮಗಳ ಕೈಗೆ ಎರಡು ಚೂರು ಬೆಲ್ಲ ಇಟ್ಟಳು.

ಮಗಳು ಬೆಲ್ಲವನ್ನು ನೋಡಿದಳು. ಆ ಮನೆಯಲ್ಲಿ ಎರಡು ಚೂರು ಬೆಲ್ಲ ಅಂದರೆ ಏನೆಂದು ಅವಳಿಗಿಂತ ಚೆನ್ನಾಗಿ ತಿಳಿದವರು ಯಾರು? ಅವಳು ಅದನ್ನು ಬೆಂಚಿನ ಮೇಲೆ ಇಟ್ಟು ತಾಯಿಯನ್ನು ಕರೆದಳು. ತಾಯಿ ಅಕ್ಕಿಯ ಮೊರ ಹಿಡಿದುಕೊಂಡು, ಕೋಲೂರಿಕೊಂಡು ಬಂದು ನಿಂತಳು.

"ನೀನೂ ಅಪ್ಪ ಕೂತಿರೋ ಮನೆಗೆ ಹೊರಟಿದ್ದೀಯ," ಅಂದಳು ಮಗಳು. "ಸುಳ್ಳು ಹೇಳಬೇಡ, ನನಗೆ ಗೊತ್ತು. ನೀನು ಹೋದರೆ ನನಗೆ ಇವರು ಬೆಲ್ಲ ಕೊಡ್ತಾರೆ. ಅಮ್ಮ ಎಲ್ಲಿ ಅಂದರೆ ಕೂತಿದ್ದಾಳೆ ಅಂತಾರೆ. ನಾನು ಸಾಯೋವರೆಗೂ ಅದನ್ನೇ ಕೇಳಿಕೊಂಡಿರಬೇಕು. ಅದಕ್ಕೆ ಮುಂಚೆ ಒಂದು ಸಲ, ಒಂದೇ ಒಂದು ಸಲ ನನ್ನನ್ನ ನೀನು ಅನ್ನಮ್ಮ."

"ನೀರು ಕುಡೀತೀರಾ?" ಅಂದಳು ತಾಯಿ.

"ಬೇಡ."

ತಾಯಿ ಸೊಸೆಯನ್ನು ಹತ್ತಿರ ಕರೆದು, "ಹೊರಳಿಸೋದು ಒಬ್ಬಳೇ ಮಾಡಬಲ್ಲೆಯಾ?" ಎಂದು ಕೇಳಿದಳು. ಸೊಸೆ ಮಾಡಬಲ್ಲೆ ಅಂದಳು. "ಹಿಮ್ಮಡಿ ಮರೀಬಾರದು." ಮರೆಯುವುದಿಲ್ಲ ಅಂದಳು. "ಮರೆತರೆ ಹೇಳೋಕೆ ಅವರಿಗೆ ನೋವಾಗಲ್ಲ, ನೆನಪಿರಲಿ." ನೆನಪಿರುತ್ತದೆ ಅಂದಳು. ತಾಯಿ ತಲೆಯಾಡಿಸಿದಳು. ಕೋಲನ್ನು ಗೋಡೆಗೆ ಒರಗಿಸಿದಳು. ಮೊರವನ್ನು ಬೆಂಚಿನ ತುದಿಗೆ ಇಟ್ಟಳು. ಆಮೇಲೆ, ತನ್ನ ಮನೆಯಲ್ಲಿ, ಹಾಡುಹಗಲಲ್ಲಿ, ಮಗಳ ಪಕ್ಕದಲ್ಲಿ ಕೂತಳು. ಕೂರುವುದು ಅವಳಿಗೆ ಮರೆತೇ ಹೋಗಿತ್ತು, ಧೊಪ್ಪನೆ ಕೂತಳು. ಬೆಂಚು ಕಿರ್ ಅಂದಿತು.

ಸೊಸೆ ಬಾಯಿಗೆ ಸೆರಗು ಹಿಡಿದು ಗಂಡನನ್ನು ಕರೆದಳು. ಅವನು ಓಡಿ ಬಂದು ನೋಡಿದ. ಮುಖ ಬಿಳಿಚಿತು. ಆದರೆ ಅಭ್ಯಾಸ ನೋಡಿ, ಕಾಲುಗಳು ಅವನನ್ನು ತಾವಾಗಿಯೇ ಒಳಗೆ ಕರೆದುಕೊಂಡು ಹೋದವು. ಬೆಲ್ಲ ತಂದ, ನೀರು ತಂದ.

"ಬನ್ನಿ, ಕೂತ್ಕೊಳ್ಳಿ."

"ಕೂತೆ."

"ಯಾವಾಗ ಬಂದ್ರಿ?"

"ಈ ಮನೆಗಾ? ನಿಮ್ಮಪ್ಪ ಕರಕೊಂಡು ಬಂದಾಗ," ಅಂದಳು ತಾಯಿ, ನೀರು ಕುಡಿಯುತ್ತಾ.

ತಮ್ಮನಿಗೆ ಮುಂದೇನು ಎಂದು ತಿಳಿಯಲಿಲ್ಲ. ಒಂದು ಮನೆಯಲ್ಲಿ ಇಬ್ಬರು ಬಂದವರು. ಹಿಂದೆ ಎಂದೂ ಆದದ್ದಿಲ್ಲ. ಬಂದವರ ಜೊತೆ ಮನೆಯವರು ಹೇಗೆ ಮಾತಾಡಬೇಕು ಅಂತ ಕಟ್ಟಳೆಯಿದೆ. ಬಂದವರ ಜೊತೆ ಬಂದವರು ಹೇಗೆ ಮಾತಾಡಬೇಕು ಅಂತ ಇಲ್ಲ. ಅವನು ಹಿರಿಯರನ್ನು ಕೇಳಿ ಬರುತ್ತೇನೆ ಎಂದು ಹೆಂಡತಿಯನ್ನೂ ಕರೆದುಕೊಂಡು ಹೊರಟ.

ಮನೆಯಲ್ಲಿ ಇಬ್ಬರೇ ಉಳಿದರು. ತಾಯಿ ಸೆರಗು ಸರಿ ಮಾಡಿಕೊಂಡಳು. ಊದಿದ ಪಾದಗಳನ್ನು ಮುಂದಕ್ಕೆ ಚಾಚಿ ನೋಡಿಕೊಂಡಳು. ಆಮೇಲೆ ಗೋಡೆ ನೋಡುತ್ತಾ ಕೇಳಿದಳು.

"ಹತ್ತಬೇಡ ಅಂದಿದ್ದೆನೋ ಇಲ್ಲವೋ?"

"ಏನು?"

"ಹಿತ್ತಿಲ ಗೋಡೆ. ಪಾಚಿ ಕಟ್ಟಿದೆ, ಹತ್ತಬೇಡ ಅಂತ ಒಲೆ ಮುಂದಿನಿಂದಲೇ ಕೂಗಿರಲಿಲ್ವಾ?"

"ಕೂಗಿದ್ದೆ."

"ಕೇಳಿಸಿತಾ?"

"ಕೇಳಿಸಿತು."

"ಮತ್ತೆ ಯಾಕೆ ಹತ್ತಿದೆ?"

ಹತ್ತಿದೆ ಅಂದಳು. ಹತ್ತಿದಿರಿ ಅನ್ನಲಿಲ್ಲ. ಮಗಳಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಅವಳು ಏನೂ ಹೇಳದೆ ಕಾದಳು.

"ಬಾಯಲ್ಲಿ ಕಡುಬು ಇದೆಯಾ? ಕೇಳ್ತಿರೋದು ನಿನ್ನನ್ನೇ. ನೇರಳೆ ಹಣ್ಣು ತಿನ್ನದಿದ್ದರೆ ಸತ್ತು ಹೋಗ್ತಿದ್ಯಾ ನೀನು? ಕೆಳಗೆ ಬಿದ್ದಿರಲಿಲ್ವಾ, ಆರಿಸಿಕೊಂಡು ತಿಂದಿದ್ರೆ ಏನಾಗ್ತಿತ್ತು? ಕೋತಿ. ಹೇಳಿದ ಮಾತು ಒಂದು ದಿನ ಕೇಳಿದವಳಲ್ಲ. ಅಜ್ಜಿ ಭರಣಿ ಬೇರೆ ಒಡೆದೆ. ಬೇಕು ಅಂತಲೇ ಒಡೆದೆ, ನನಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ?"

ಅಂದವಳು ಕೈಯೆತ್ತಿ ಮಗಳ ತೊಡೆಗೆ ಫಟಾರನೆ ಒಂದು ಬಾರಿಸಿದಳು. ಮುದುಕಿಯ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಸದ್ದು ಹಿತ್ತಿಲವರೆಗೂ ಹೋಯಿತು. ಮಗಳು ತೊಡೆ ನೋಡಿದಳು, ತಾಯಿಯ ಮುಖ ನೋಡಿದಳು.

"ಅಲ್ಲಿ ಹೊಡೆದರೆ ಗೊತ್ತಾಗಲ್ಲಮ್ಮ."

"ಗೊತ್ತು ಕಣೇ. ಇಷ್ಟು ವರ್ಷ ಹೊರಳಿಸಿದವಳು ನಾನು, ನನಗೆ ಹೇಳಿಕೊಡ್ತೀಯ? ಅದು ಕಾಲಿಗೆ. ಗೋಡೆ ಹತ್ತಿದ್ದು ಅವು ತಾನೆ."

ತಾಯಿ ಇನ್ನೊಂದು ಸಲ ಕೈಯೆತ್ತಿದಳು. ಈ ಸಲ ಭುಜಕ್ಕೆ ಬಿತ್ತು, ಸವೆದು ನೋಯುತ್ತಿದ್ದ ಕೀಲಿಗೇ ಬಿತ್ತು.

"ಇದು ನಿನಗೆ," ಅಂದಳು.

ನೋವು ಬೆರಳ ತುದಿಯವರೆಗೂ ಹರಿಯಿತು. ಮಗಳು ಬಾಯಿ ತೆರೆದು ಅತ್ತಳು. ತಲೆ ನೆರೆತ ಹೆಂಗಸು ಅಳುವ ಹಾಗೆ ಅಳಲಿಲ್ಲ. ಮೂಗು ಸುರಿಸಿಕೊಂಡು, ಬಿಕ್ಕುತ್ತಾ, ಕೇರಿಗೆಲ್ಲ ಕೇಳುವ ಹಾಗೆ ಅತ್ತಳು. ತಾಯಿ ಅವಳ ತಲೆಯನ್ನು ಎಳೆದು ಎದೆಗೆ ಅವುಚಿಕೊಂಡು, ಸೆರಗಿನಲ್ಲಿ ಮೂಗು ಒರೆಸಿದಳು. ತನ್ನ ಕಣ್ಣನ್ನೂ ಅದೇ ಸೆರಗಿನಲ್ಲಿ ಒರೆಸಿಕೊಂಡಳು. ಬೆನ್ನು ನೇವರಿಸುತ್ತಾ ನೇವರಿಸುತ್ತಾ ಪೆಟ್ಟು ಬಿದ್ದಿದ್ದ ಜಾಗದ ಹತ್ತಿರ ಬಂದಾಗ ಕೈ ಅಲ್ಲೇ ನಿಂತಿತು.

"ಮಲಗಿದ್ದಾಗ ಬೈಯೋಣ ಅಂದರೆ ಬಾಯಿ ಬರಲಿಲ್ಲ," ಅಂದಳು. "ಕೂತಮೇಲೆ ಬೈಯೋ ಹಾಗಿರಲಿಲ್ಲ. ಎಷ್ಟು ಬೈಗುಳ ಇಟ್ಟುಕೊಂಡಿದ್ದೆ ಗೊತ್ತಾ ನಿನಗೆ."

"ಮೊದಲೇ ಯಾಕೆ ಕೂರಲಿಲ್ಲ ನೀನು?"

"ಬಂದವರಿಗೆ ಕೆಲಸ ಮಾಡೋಕೆ ಬಿಡ್ತಾರಾ? ನಾನೂ ಕೂತಿದ್ರೆ ನಿನ್ನನ್ನ ಹೊರಳಿಸೋರು ಯಾರಿದ್ರು?"

ಹೊರಗೆ ಹೆಜ್ಜೆ ಸದ್ದಾಯಿತು. ತಮ್ಮ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ, ಹಿಂದೆ ಹೆಂಡತಿ. ಇಬ್ಬರು ಬಂದವರ ವಿಷಯದಲ್ಲಿ ಕಟ್ಟಳೆ ಏನೂ ಹೇಳುವುದಿಲ್ಲ, ತಮಗೆ ಯೋಚಿಸುವುದಕ್ಕೆ ಸಮಯ ಬೇಕು ಎಂದು ಹಿರಿಯರು ಹೇಳಿದ್ದರಂತೆ. ಅವನು ಇಬ್ಬರ ಒದ್ದೆ ಮುಖವನ್ನೂ ನೋಡಿದ. ಏನು ಕೇಳಬೇಕೆಂದು ತೋಚದೆ, ಬಾಯಿಪಾಠ ಬಂದದ್ದನ್ನೇ ಕೇಳಿದ.

"ತಾವಿಬ್ಬರೂ ಊಟಕ್ಕೆ ಇರ್ತೀರಾ?"

"ಇರ್ತೀವಪ್ಪ," ಅಂದಳು ತಾಯಿ. ಮಗಳ ಕಡೆ ತಿರುಗಿ ಅವಳ ಭುಜಕ್ಕೆ ಮೊಣಕೈಯಿಂದ ತಿವಿದಳು. "ಏನೇ, ಅಳ್ತಾ ಕೂತಿದ್ದೀಯ? ಆ ಮೊರ ಎಳ್ಕೊಂಡು ಅಕ್ಕಿ ಆರಿಸು. ಬಾಯಿಗೆ ಒಂದು ಕಲ್ಲು ಸಿಕ್ಕಿದರೂ ನಿನ್ನನ್ನ ಬಿಡಲ್ಲ."

ಮಗಳು ಮೂಗು ಒರೆಸಿಕೊಂಡು ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಳು. ಭುಜ ಇನ್ನೂ ಚುರುಗುಡುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಬಹಳ ಇತ್ತು.